ಕಳಿಸಲು ಬಂದವರ ಕಟ್ಟೆ

ವಿಮಾನ ನಿಲ್ದಾಣಗಳ ಯೋಜನಾ ವಿಭಾಗಕ್ಕೆ ಹೊಸದಾಗಿ ಸೇರಿದ ಹುಡುಗ ಹುಡುಗಿಯರು ಈಗಲೂ ಆಗಾಗ ಫೋನ್ ಮಾಡುತ್ತಾರೆ. ರನ್‌ವೇ ಎಷ್ಟು ಉದ್ದ ಮಾಡಿಸಿದಿರಿ, ಎಂಥ ದೊಡ್ಡ ವಿಮಾನ ಇಳಿಸಿದಿರಿ, ಯಾವ ಸಾಫ್ಟ್‌ವೇರ್ ಕಲಿತರೆ ಒಳ್ಳೆಯದು ಎಂದೆಲ್ಲ ಕೇಳುತ್ತಾರೆ. ನಾನು ರನ್‌ವೇ ಕಡೆಯವಳೇ ಅಲ್ಲ ಎಂದಾಗ ಅವರ ದನಿ ಸ್ವಲ್ಪ ಇಳಿಯುತ್ತದೆ. ನನ್ನದು ಕಟ್ಟಡದ ಕೆಲಸ. ಅದರ ಬಾಗಿಲು, ಬಾಗಿಲ ಮುಂದಿನ ಅಂಗಳ, ಆ ಅಂಗಳಕ್ಕೆ ಬರುವ ಬಸ್ಸು, ಇಷ್ಟು. ವಿಮಾನ ಹತ್ತುವ ಮೊದಲು ಜನ ಎಲ್ಲಿ ನಿಲ್ಲಬೇಕು, ಎಲ್ಲಿ ಕೂರಬೇಕು, ಮಗುವನ್ನು ಎಲ್ಲಿ ಮಲಗಿಸಬೇಕು ಎಂದು ಗೆರೆ ಎಳೆಯುತ್ತಲೇ ನನ್ನ ನೌಕರಿ ಮುಗಿಯಿತು. ಒಂದೇ ಮಾತಿನಲ್ಲಿ ಹೇಳುವುದಾದರೆ, ಜನ ಕಾಯುವುದಕ್ಕೆ ಜಾಗ ಮಾಡಿಕೊಡುವ ನೌಕರಿ. ಕೇಳಲು ಸಪ್ಪೆ. ಆದರೆ ನನಗೆ ಈ ಕೆಲಸದಲ್ಲಿ ಒಂದು ದಿನವೂ ಬೇಸರ ಬಂದದ್ದಿಲ್ಲ. ಸಿಟ್ಟು ಮಾತ್ರ ಧಾರಾಳವಾಗಿ ಬಂದಿದೆ.

ಕಾಯುವ ವಿದ್ಯೆ ನನಗೆ ಹುಟ್ಟಿನಿಂದ ಬಂದದ್ದು. ನಮ್ಮಪ್ಪ ವಾಡಿ ಜಂಕ್ಷನ್ನಿನಲ್ಲಿ ಪಾಯಿಂಟ್ಸ್‌ಮನ್ ಆಗಿದ್ದರು, ರೈಲು ಹಳಿ ಬದಲಿಸುವಲ್ಲಿ ಹಸಿರು ಕೆಂಪು ಬಾವುಟ ಹಿಡಿಯುವ ಕೆಲಸ. ವಾಡಿಯಲ್ಲಿ ಇಳಿದವರಲ್ಲಿ ಅರ್ಧ ಜನ ಇನ್ನೊಂದು ಗಾಡಿಗಾಗಿ ಕಾಯುವವರೇ. ಜನ ಬೆಂಚಿನ ಮೇಲೆ ಕೂರುವುದು ಕಡಿಮೆ, ಸಾಮಾನಿನ ಮೇಲೆ ಕೂರುವುದು ಹೆಚ್ಚು ಎಂಬುದನ್ನು ನಾನು ಶಾಲೆಗೆ ಸೇರುವ ಮೊದಲೇ ಕಲಿತಿದ್ದೆ. ಊಟದ ಬುತ್ತಿ ಬಿಚ್ಚುವ ಮೊದಲು ಗೋಡೆ ಹುಡುಕುತ್ತಾರೆ. ನೆರಳು ಸರಿದಂತೆ ಇಡೀ ಸಂಸಾರ ಗಂಟುಮೂಟೆ ಸಮೇತ ಸರಿಯುತ್ತದೆ. ಮುಂದೆ ಕಾಲೇಜಿನಲ್ಲಿ ಕಲಿಸಿದ್ದೆಲ್ಲ ಇದರ ಮೇಲಿನ ಬಣ್ಣ.

ನಮ್ಮವ್ವನಿಗೆ ಒಂದು ಪದ್ಧತಿ ಇತ್ತು. ಮನೆಯಿಂದ ಯಾರೇ ಊರಿಗೆ ಹೊರಡಲಿ, ಅವ್ವ ಪ್ಲಾಟ್‌ಫಾರ್ಮಿಗೆ ಬರಲೇಬೇಕು. ಗಾಡಿ ಹೊರಟ ಮೇಲೂ ಕೊನೆಯ ಡಬ್ಬಿ ಕಣ್ಣಿಗೆ ಮರೆಯಾಗುವವರೆಗೆ ನಿಂತು, ಆಮೇಲೆ ಹಳಿಯ ಕಡೆ ನೋಡಿ ಒಮ್ಮೆ ಕೈ ಮುಗಿದು ಮನೆಗೆ ಹೋಗುತ್ತಿದ್ದಳು. ನನ್ನ ಜೊತೆಯ ಹುಡುಗಿಯರು ನಗುತ್ತಾರೆಂದು ನನಗೆ ನಾಚಿಕೆ. ಅವ್ವ ಕೇಳಬೇಕಲ್ಲ. "ನೀ ನಾಚ್ಕೊ ಯವ್ವಾ, ನಾ ನಿಂದ್ರತೀನಿ" ಅನ್ನುತ್ತಿದ್ದಳು.

ನೌಕರಿ ಸಿಕ್ಕ ಮೇಲೆ ತರಬೇತಿಗೆಂದು ನಾನು ಮೊದಲ ಬಾರಿಗೆ ವಿಮಾನ ಹತ್ತಿದ್ದು ಹೈದರಾಬಾದಿನಿಂದ. ಬೇಡವೆಂದರೂ ಅವ್ವ ವಾಡಿಯಿಂದ ರೈಲು ಹಿಡಿದು ನನ್ನ ಜೊತೆಗೆ ಬಂದಳು. ಬಾಗಿಲಲ್ಲಿ ಕಾವಲಿನವನು ನನ್ನ ಟಿಕೆಟ್ ನೋಡಿದ, ನನ್ನನ್ನು ಬಿಟ್ಟ, ಅವ್ವನಿಗೆ ಕೈ ಅಡ್ಡ ಹಿಡಿದ. ಹಿಂದಿನವರು ನೂಕುತ್ತಿದ್ದರು. ಕಾಲು ಮುಟ್ಟುವುದಿರಲಿ, ಹೋಗಿ ಬರ್ತೀನಿ ಎನ್ನುವುದಕ್ಕೂ ಆಗಲಿಲ್ಲ. ತರಬೇತಿ ಮುಗಿಸಿ ಮನೆಗೆ ಬಂದಾಗ ಅವ್ವ ಆ ದಿನದ ಸುದ್ದಿ ಹೇಳಿದಳು. ಗಾಡಿ ನಿಲ್ಲಿಸುವ ಜಾಗದಲ್ಲಿ ಬಿಸಿಲಲ್ಲಿ ನಿಂತಿದ್ದಳಂತೆ. ಒಂದಾದ ಮೇಲೆ ಒಂದು ವಿಮಾನ ಹಾರುತ್ತಿತ್ತಂತೆ.

"ನಿಂದು ಯಾವುದಂತ ನನಗೇನ್ ಗೊತ್ತು? ಎಲ್ಲಾಕ್ಕೂ ಕೈ ಬೀಸಿದೆ ನೋಡು" ಎಂದು ನಕ್ಕಳು.

ನನಗೆ ನಗು ಬರಲಿಲ್ಲ. ಅವ್ವ ಈಗ ಇಲ್ಲ. ಆದರೆ ಆ ಮಾತು ನನ್ನ ಜೊತೆ ಡ್ರಾಯಿಂಗ್ ಬೋರ್ಡಿನ ಮುಂದೆ ಕೂತೇ ಇತ್ತು.

ಆಗೆಲ್ಲ ನಕ್ಷೆ ಎಂದರೆ ಪಾರದರ್ಶಕ ಕಾಗದ, ಮಸಿ ಪೆನ್ನು, ತಪ್ಪಾದರೆ ಬ್ಲೇಡಿನಿಂದ ಕೆರೆಯುವುದು. ಒಂದು ಗೋಡೆಯನ್ನು ಆಚೀಚೆ ಸರಿಸಬೇಕಾದರೆ ಅರ್ಧ ದಿನ ಹೋಗುತ್ತಿತ್ತು, ಹಾಗಾಗಿ ಗೋಡೆ ಹಾಕುವ ಮೊದಲೇ ನಾಲ್ಕು ಸಲ ಯೋಚಿಸುತ್ತಿದ್ದೆವು. ಕಂಪ್ಯೂಟರ್ ಬಂದ ಮೇಲೆ ಗೋಡೆಗಳು ಕುಣಿಯಲು ಕಲಿತವು. ಅದರ ಹಿಂದೆಯೇ ಚುಕ್ಕೆಗಳು ಬಂದವು. ಕಟ್ಟಡದ ನಕ್ಷೆಯೊಳಗೆ ಪ್ರಯಾಣಿಕರ ಬದಲಿಗೆ ಬಣ್ಣದ ಚುಕ್ಕೆಗಳನ್ನು ಬಿಟ್ಟರೆ ಅವು ಬಾಗಿಲಿನಿಂದ ಕೌಂಟರಿಗೆ, ಕೌಂಟರಿನಿಂದ ತಪಾಸಣೆಗೆ ತಾವಾಗಿಯೇ ಹರಿಯುತ್ತವೆ. ಎಲ್ಲಿ ಒತ್ತುತ್ತವೋ ಅಲ್ಲಿ ಕೆಂಪಾಗುತ್ತದೆ. ಒಳ್ಳೆಯ ಸಾಧನ, ನಾನೇನು ಅದರ ವೈರಿಯಲ್ಲ. ಆದರೆ ಚುಕ್ಕೆಗೆ ಅಕ್ಕ ಇಲ್ಲ, ತಮ್ಮ ಇಲ್ಲ. ಅದು ಬಾಗಿಲ ಹತ್ತಿರ ಬಂದು ಹಿಂದಿರುಗಿ ನೋಡುವುದಿಲ್ಲ. ನಮ್ಮ ಜನ ನೋಡುತ್ತಾರೆ. ಒಂದು ಸಲ ನೋಡಿ, ಎರಡು ಹೆಜ್ಜೆ ಹೋಗಿ, ಏನೋ ನೆನಪಾದವರಂತೆ ವಾಪಸು ಬಂದು ಮಗುವಿನ ಕೆನ್ನೆ ಹಿಂಡಿ, ಮತ್ತೆ ಹೋಗುತ್ತಾರೆ.

ದೇಶದ ಹಲವು ಮೂಲೆ ಸುತ್ತಿದ ಮೇಲೆ, ನೌಕರಿಯ ಕೊನೆಯ ವರ್ಷಗಳಲ್ಲಿ, ನಮ್ಮ ಭಾಗದ ಚಿಕ್ಕ ವಿಮಾನ ನಿಲ್ದಾಣವನ್ನು ದೊಡ್ಡದು ಮಾಡುವ ತಂಡಕ್ಕೆ ನನ್ನನ್ನು ಹಾಕಿದರು. ಕೇಳಿ ಹಾಕಿಸಿಕೊಂಡೆ ಎಂದರೂ ಸುಳ್ಳಲ್ಲ. ಮೊದಲ ವಾರ ತಪಾಸಣೆಯ ಸಾಲನ್ನು ನೋಡುತ್ತ ನಿಂತೆ. ಯಂತ್ರ ಹೊಸದು, ಸಿಬ್ಬಂದಿ ಚುರುಕು, ಆದರೂ ಸಾಲು ಮುಂದೆ ಹೋಗುತ್ತಿಲ್ಲ. ಉತ್ತರದ ಕಡೆಯಿಂದ ಬಂದಿದ್ದ ಹುಡುಗನೊಬ್ಬ ಯಂತ್ರದ ಪರದೆಯನ್ನು ಕಣ್ಣು ಕಿರಿದು ಮಾಡಿ ನೋಡುತ್ತಿದ್ದ. ಪರದೆಯ ಮೇಲೆ ದುಂಡಗೆ, ದಪ್ಪಗೆ, ಒತ್ತೊತ್ತಾಗಿ ಒಂದು ವಸ್ತು. ಚೀಲ ಬಿಚ್ಚಿಸಿದರೆ ಖಡಕ್ ರೊಟ್ಟಿ! ಮುಂದಿನವರದೂ ಖಡಕ್ ರೊಟ್ಟಿ. ಅವರ ಹಿಂದಿನವರದು ಖಡಕ್ ರೊಟ್ಟಿಯ ಜೊತೆ ಶೇಂಗಾ ಹಿಂಡಿ, ಆ ಪುಡಿ ಯಾವುದೆಂದು ಇನ್ನೊಂದು ವಿಚಾರಣೆ. ಸೇಡಂ ಕಡೆಯ ಅಜ್ಜಿಯೊಬ್ಬರು ರೊಟ್ಟಿಯ ಗಂಟನ್ನು ಬೆಲ್ಟಿನ ಮೇಲೆ ಇಡಲು ಸುತರಾಂ ಒಪ್ಪಲಿಲ್ಲ.

"ನಾ ಎತ್ಕೊಂಡೇ ಹಾಯ್ತೀನಿ. ಒಡದು ಚೂರ್ ಆದ್ರ ಮೊಮ್ಮಕ್ಕಳಿಗೆ ನೀ ಬಡದು ಕೊಡ್ತೀಯೇನಪಾ?" ಎಂದು ಆ ಹುಡುಗನನ್ನೇ ಕೇಳಿದರು.

ಅವನಿಗೆ ಭಾಷೆ ತಿಳಿಯದಿದ್ದರೂ ಗದರಿಕೆ ತಿಳಿಯಿತು. ನಾವು ಅಗಲವಾದ ತಟ್ಟೆಗಳನ್ನು ತರಿಸಿದೆವು, ರೊಟ್ಟಿ ಅಲುಗದಂತೆ ಮಲಗಿ ಹೋಗುವ ತಟ್ಟೆಗಳು. ಸಿಬ್ಬಂದಿಗೆ ಒಂದು ದಿನ ಊಟಕ್ಕೆ ಅದೇ ರೊಟ್ಟಿ ಹಾಕಿಸಿ, ಒಂದು ಗಂಟನ್ನು ಯಂತ್ರದಲ್ಲಿ ಹಾಯಿಸಿ ತೋರಿಸಿದೆವು. ಸಾಲು ಸಲೀಸಾಯಿತು. ಹೊಸ ಯಂತ್ರ ತರಿಸಬೇಕೆಂದು ಬರೆದಿದ್ದ ಟಿಪ್ಪಣಿಯನ್ನು ವಾಪಸು ಪಡೆದೆವು.

ತಂಡದ ಮುಖ್ಯಸ್ಥರು ದಿಲ್ಲಿಯಿಂದ ಬಂದ ಮಾಥುರ್ ಸಾಹೇಬರು. ಎತ್ತರದ ದನಿ ಇಲ್ಲ, ಜಂಬ ಇಲ್ಲ, ಯಾರ ನಕ್ಷೆಯನ್ನೂ ಬೈಯುವುದಿಲ್ಲ. ಪೆನ್ಸಿಲಿನಿಂದ ಮೆಲ್ಲಗೆ ಒಂದು ಸುತ್ತು ಹಾಕಿ ವಾಪಸು ಕೊಡುತ್ತಾರೆ, ಅಷ್ಟರಲ್ಲೇ ನಮ್ಮ ಜೀವ ಹೋಗುತ್ತದೆ. ನಾನು ಕಂಡ ಮೇಲಧಿಕಾರಿಗಳಲ್ಲಿ ಇವರಷ್ಟು ನ್ಯಾಯವಂತರು ಕಡಿಮೆ. ನಮ್ಮಿಬ್ಬರ ಜಗಳ ಶುರುವಾದದ್ದು ಒಂದು ಪಡಸಾಲೆಯಿಂದ.

ಹಳೆಯ ಕಟ್ಟಡದ ಬಾಗಿಲ ಮುಂದೆ ಮಾಡು ಇಳಿಸಿದ ಒಂದು ಪಡಸಾಲೆ ಇತ್ತು. ಕಳಿಸಲು ಬಂದವರು ಅಲ್ಲಿ ಕೂರುತ್ತಿದ್ದರು. ಹೆಚ್ಚು ವಿಮಾನ ಬರಬೇಕಾದರೆ ಹೆಚ್ಚು ಕೌಂಟರ್ ಬೇಕು, ಕೌಂಟರಿಗೆ ಜಾಗ ಬೇಕು, ಹಾಗಾಗಿ ಪಡಸಾಲೆಯನ್ನು ಗಾಜಿನ ಗೋಡೆ ಹಾಕಿ ಒಳಗೆ ಸೇರಿಸಿಕೊಳ್ಳಬೇಕು ಎಂಬುದು ಸಾಹೇಬರ ಯೋಜನೆ. ದೊಡ್ಡ ನಗರಗಳ ಲೆಕ್ಕದಲ್ಲಿ ಅದು ಸರಿ. ಅಲ್ಲಿ ಜನ ಟ್ಯಾಕ್ಸಿಯಿಂದ ಇಳಿದು ಒಬ್ಬರೇ ಒಳಗೆ ಹೋಗುತ್ತಾರೆ.

"ನಮ್ಮ ಕಡೆ ಒಬ್ಬರು ಹಾರುವುದಕ್ಕೆ ಒಂದು ಓಣಿ ಬರುತ್ತದೆ ಸರ್" ಎಂದೆ.

"ಬರಲಿ. ಆದರೆ ಅವರು ನಮ್ಮ ಪ್ರಯಾಣಿಕರಲ್ಲವಲ್ಲ?" ಎಂದರು ಸಾಹೇಬರು ತಮ್ಮ ಮೆತ್ತನೆಯ ಹಿಂದಿಯಲ್ಲಿ. ನನ್ನ ಹತ್ತಿರ ಉತ್ತರವಿತ್ತು, ಸಾಕ್ಷಿ ಇರಲಿಲ್ಲ.

ಸಾಕ್ಷಿಯ ಮೊದಲ ತುಣುಕು ಸಿಕ್ಕಿದ್ದು ತೆಲುಗು ಗಡಿಯ ಕುಂಚಾವರಂನಲ್ಲಿ. ನಿಲ್ದಾಣಕ್ಕೆ ಎರಡು ದಾರಿಯಲ್ಲಿ ಬಸ್ಸು ಬಿಡುವ ವಿಚಾರವಿತ್ತು. ಒಂದು ಚಿಂಚೋಳಿಯಿಂದ ಸೇಡಂ ಮೇಲೆ, ಇನ್ನೊಂದು ಚಿತ್ತಾಪುರದಿಂದ ವಾಡಿ, ಶಹಾಬಾದ ಮೇಲೆ. ಎಷ್ಟು ಜನ ಬರಬಹುದೆಂದು ಊರೂರಿಗೆ ಹೋಗಿ ಕೇಳುತ್ತಿದ್ದೆವು. ನನ್ನ ಜೊತೆಗಿದ್ದವನು ರಫೀಕ್, ಸೇಡಂನವನು, ನಮ್ಮ ತಂಡದಲ್ಲಿ ಬಸ್ಸುಗಳ ಯೋಜನೆ ಅವನದು. ಕಾಡಿನಂಚಿನ ಒಂದು ತಾಂಡಾದ ಹತ್ತಿರ ಹಿರಿಯರೊಬ್ಬರು ನಮ್ಮ ಜೀಪಿನ ಸುತ್ತ ಒಂದು ಸುತ್ತು ಬಂದು, ತೆಲುಗಿನಲ್ಲಿ, ವಿಮಾನ ಇಲ್ಲೂ ನಿಲ್ಲುತ್ತದಾ ಎಂದು ತಮಾಷೆಗೆ ಕೇಳಿದರು. ಬಸ್ಸು ಮಾತ್ರ ಎಂದು ರಫೀಕ್ ತಿಳಿಸಿ ಹೇಳಿ, ಕನ್ನಡದಲ್ಲೇ ನಮ್ಮ ಮಾಮೂಲು ಪ್ರಶ್ನೆ ಹಾಕಿದ.

"ತಾತಾ, ವಿಮಾನದಾಗ ಎಷ್ಟ್ ಸಲ ಹೋಗೀರಿ?"

"ನಾ ಎಲ್ಲಿ ಹೋಗ್ಲಪ್ಪ? ಒಂದ್ ಸಲಾನೂ ಇಲ್ಲ."

ರಫೀಕ್ ಮುಂದಿನವರ ಕಡೆ ತಿರುಗಿದ. ತಾತ ಅವನ ತೋಳು ಹಿಡಿದು ನಿಲ್ಲಿಸಿದರು. "ನಿಂದ್ರು. ವಿಮಾನದ ಸ್ಟೇಶನ್ನಿಗೆ ಭಾಳ ಸಲ ಹೋಗೀನಿ. ಅಳಿಯನ್ನ ಕಳಿಸಾಕ, ತಮ್ಮನ ಮಗನ್ನ ಕಳಿಸಾಕ, ಬಾಜೂ ಮನಿ ಹುಡುಗೀನ ಕಳಿಸಾಕ. ಅದು ಲೆಕ್ಕಕ್ಕ ಬರಂಗಿಲ್ಲೇನು?"

ಅಂದಿನಿಂದ ಪ್ರಶ್ನೆ ಬದಲಾಯಿತು. ವಿಮಾನದಲ್ಲಿ ಹೋಗಿದ್ದೀರಾ ಎನ್ನುವುದರ ಬದಲು ವಿಮಾನ ನಿಲ್ದಾಣಕ್ಕೆ ಹೋಗಿದ್ದೀರಾ ಎಂದು ಕೇಳತೊಡಗಿದೆವು. ನಮ್ಮ ಲೆಕ್ಕದ ಹಾಳೆಯಲ್ಲಿ ಬಸ್ಸಿನ ಸೀಟುಗಳು ಅಲ್ಲಿಂದ ತುಂಬಲು ಶುರುವಾದವು. ಮಾಥುರ್ ಸಾಹೇಬರು ಬಸ್ಸಿಗೆ ಒಪ್ಪಿದರು. ಪಡಸಾಲೆಗೆ ಮಾತ್ರ ಒಪ್ಪಲಿಲ್ಲ. ಬಸ್ಸು ಜನರನ್ನು ತಂದುಬಿಡುತ್ತದೆ, ಬಂದವರು ನಿಲ್ಲುವುದೆಲ್ಲಿ ಎಂದು ನಾನು ಗುದ್ದಾಡಿದೆ. "ವಾಪಸು ಹೋಗುವ ಬಸ್ಸಿನಲ್ಲಿ ಕೂರುತ್ತಾರೆ" ಎಂದರು. ಅಷ್ಟು ಹೊತ್ತಿಗೆ ಕೆಲಸಕ್ಕೆಂದು ಪಡಸಾಲೆಗೆ ತಗಡು ಅಡ್ಡ ಕಟ್ಟಿಯೂ ಆಗಿತ್ತು. ಅಡಿಪಾಯ ತೋಡುವ ಮೊದಲು ಸಾಹೇಬರು ಕೊನೆಯ ಸಲ ಸ್ಥಳ ನೋಡಿ ಸಹಿ ಹಾಕುವುದೊಂದೇ ಬಾಕಿ.

ಅವರು ಬಂದ ದಿನ ಬೆಳಿಗ್ಗೆ ಬೆಂಗಳೂರಿನ ವಿಮಾನಕ್ಕೆ ಚಿತ್ತಾಪುರದ ಒಬ್ಬ ಹುಡುಗಿ ಹೊರಟಿದ್ದಳು. ರುಬೀನಾ, ನರ್ಸ್ ಓದಿದವಳು. ಬೆಂಗಳೂರಿನಿಂದ ಮುಂದೆ ಮಸ್ಕತ್ತಿನ ಆಸ್ಪತ್ರೆಗೆ. ಮನೆಯಲ್ಲಿ ದೇಶ ಬಿಟ್ಟು ಹೋಗುತ್ತಿರುವ ಮೊದಲನೆಯವಳು. ಸಾಮಾನು ಹೆಚ್ಚಿದ್ದರಿಂದ ಅವಳು ಚಿಕ್ಕಪ್ಪಂದಿರ ಜೊತೆ ಜೀಪಿನಲ್ಲಿ ಮುಂದೆ ಬಂದಿದ್ದಳು. ಅವಳ ತಾಯಿ ಖಾಜಾಬಿ, ಓಣಿಯ ಹೆಂಗಸರ ಜೊತೆ ನಮ್ಮ ಹೊಸ ಬಸ್ಸಿನಲ್ಲಿ ಹಿಂದೆ. ಬಸ್ಸು ವಾಡಿಯಲ್ಲಿ ರೈಲಿನವರಿಗಾಗಿ ಕಾಯಬೇಕು, ಅದೇ ನಮ್ಮ ಯೋಜನೆ. ನಾಲವಾರದ ಕಡೆಯಿಂದ ಬರುವ ಗಾಡಿ ಅವತ್ತು ತಡ. ಬಸ್ಸೂ ತಡ.

ಬಾಗಿಲ ಮುಂದೆ ಸಂತೆ. ಪಡಸಾಲೆ ಮುಚ್ಚಿದ್ದರಿಂದ ಅಪ್ಪಿಕೊಳ್ಳುವುದು, ಅಳುವುದು, ಹಾರ ಹಾಕುವುದು, ಫೋಟೊ ತೆಗೆಯುವುದು, ಎಲ್ಲವೂ ಗುರುತಿನ ಚೀಟಿ ನೋಡುವ ಆ ಒಂದೇ ಬಾಗಿಲ ಬಾಯಿಯಲ್ಲಿ. ಒಳಗೆ ಕೌಂಟರುಗಳು ಖಾಲಿ ಬಿದ್ದಿವೆ, ಹೊರಗೆ ಸಾಲು ರಸ್ತೆಗೆ ಮುಟ್ಟಿದೆ. ಮಾಥುರ್ ಸಾಹೇಬರು ಕೈ ಹಿಂದೆ ಕಟ್ಟಿಕೊಂಡು ಇದನ್ನೆಲ್ಲ ನೋಡುತ್ತ ನಿಂತಿದ್ದರು. ನಾನು ಬೇಕೆಂದೇ ಬಾಯಿ ಮುಚ್ಚಿಕೊಂಡಿದ್ದೆ.

ಚಿಕ್ಕಪ್ಪಂದಿರು ಹೊತ್ತಾಯಿತೆಂದು ರುಬೀನಾಳನ್ನು ಒಳಗೆ ಕಳಿಸಿದರು. ಅವಳು ಒಳಗೆ ಹೋದ ಸ್ವಲ್ಪ ಹೊತ್ತಿಗೆ ಬಸ್ಸು ಬಂತು. ಖಾಜಾಬಿ ಇಳಿದವರೇ ಬುರ್ಖಾದ ಅಂಚು ಎತ್ತಿ ಹಿಡಿದು ಓಡುತ್ತ ಬಂದರು. ಇನ್ನೊಂದು ಕೈಯಲ್ಲಿ ಹಸಿರು ಬಟ್ಟೆಯ ಒಂದು ಪಟ್ಟಿ. ಅದು ಇಮಾಮ್ ಜಾಮಿನ್. ಬಟ್ಟೆಯೊಳಗೆ ಒಂದು ನಾಣ್ಯ ಇಟ್ಟು, ದೂರ ಹೊರಟವರ ಬಲತೋಳಿಗೆ ಹಿರಿಯರು ಕಟ್ಟುತ್ತಾರೆ, ಸುಖವಾಗಿ ತಲುಪಿದ ಮೇಲೆ ಆ ನಾಣ್ಯವನ್ನು ಬಡವರಿಗೆ ಕೊಡುತ್ತಾರೆ. ಮನೆಯಲ್ಲಿ ಕಟ್ಟುವುದೇ ರೂಢಿ. ಆದರೆ ಖಾಜಾಬಿ ಕಟ್ಟಿರಲಿಲ್ಲ. ಕಟ್ಟಿದರೆ ಮಗಳು ಹೊರಟೇಬಿಟ್ಟಳು ಎಂದಾಗುತ್ತದೆ, ಆದಷ್ಟು ಕೊನೆಯ ಗಳಿಗೆಗೆ ಇಟ್ಟುಕೊಂಡಿದ್ದೆ ಎಂದು ಆಮೇಲೆ ನನಗೆ ಹೇಳಿದರು.

"ಸಾಬ್, ಒಂದ್ ಮಿನಿಟ್ ಬಿಡ್ರಿ. ನನ್ ಬೇಟಿ ಒಳಗ ಹೋಗ್ಯಾಳ. ಇದೊಂದ್ ಕಟ್ಟಿ ಬರ್ತೀನಿ" ಎಂದು ಬಾಗಿಲ ಕಾವಲಿನವನಿಗೆ ಕೈ ಮುಗಿದರು.

ಅವನು ತಲೆ ಅಲ್ಲಾಡಿಸಿದ. ಕೆಟ್ಟವನಲ್ಲ, ಅವನ ಮುಖವೂ ಚಿಕ್ಕದಾಗಿತ್ತು. ಟಿಕೆಟ್ ಇಲ್ಲದವರು ಒಳಗೆ ಬರುವಂತಿಲ್ಲ, ಒಳಗೆ ಹೋದವರು ಹೊರಗೆ ಬರಬೇಕಾದರೆ ಬೋರ್ಡಿಂಗ್ ಪಾಸು ರದ್ದಾಗಬೇಕು. ಅಷ್ಟರಲ್ಲಿ ರುಬೀನಾ ತಾಯಿಯನ್ನು ಕಂಡು ಒಳಗಿನಿಂದ ಓಡಿ ಬಂದು ಗಾಜಿಗೆ ಅಂಗೈ ಒತ್ತಿದಳು. ಖಾಜಾಬಿ ಹೊರಗಿನಿಂದ ಒತ್ತಿದರು. ಒಳಗಿನ ಮಾತು ಹೊರಗೆ ಕೇಳುತ್ತಿಲ್ಲ. ನನ್ನ ಕಣ್ಣ ಮುಂದೆ ಖಾಜಾಬಿ ಇರಲಿಲ್ಲ, ಬಿಸಿಲಲ್ಲಿ ನಿಂತ ನಮ್ಮವ್ವ ಇದ್ದಳು.

"ಕೊಡ್ರಿ ಅಮ್ಮಾ, ನಾನು ಒಯ್ದು ಕೊಡ್ತೀನಿ" ಎಂದೆ. ನನ್ನ ಹತ್ತಿರ ಒಳಗೆ ಹೋಗುವ ಪಾಸ್ ಇತ್ತು.

ಖಾಜಾಬಿ ಪಟ್ಟಿಯನ್ನು ಎದೆಗೆ ಒತ್ತಿಕೊಂಡರು. "ಕೊಡೂದಲ್ರಿ ಬಾಯಾರ. ಕಟ್ಟೂದು. ತಾಯಿ ಕೈಲಿ ಕಟ್ಟಬೇಕು."

ಮಾಥುರ್ ಸಾಹೇಬರು ಮುಂದೆ ಬಂದರು. ಅವರಿಗೆ ನಮ್ಮ ಕನ್ನಡ ತಿಳಿಯದು, ಆದರೆ ಆ ಪಟ್ಟಿ ಏನೆಂದು ತಿಳಿದಿತ್ತು. ಬಾಗಿಲನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು. ಆಮೇಲೆ ಕಾವಲಿನವನನ್ನು ಮೆಲ್ಲಗೆ ಕೇಳಿದರು, "ಭಾಯಿ, ಹುಡುಗಿ ಹೊಸ್ತಿಲಿನ ಒಳಗೇ ನಿಂತಿರಲಿ. ಕೈ ಮಾತ್ರ ಹೊರಗೆ ಚಾಚಿದರೆ ಹೊರಗೆ ಬಂದ ಹಾಗಾಗುತ್ತದೆಯೇ?"

ಕಾವಲಿನವನು ಯೋಚಿಸಿದ. ತನ್ನ ಮೇಲಿನವನ ಕಡೆ ನೋಡಿದ. ಅವನೂ ಯೋಚಿಸಿದ. ಆ ಪಟ್ಟಿಯನ್ನು ಮುಟ್ಟಿ ನೋಡಿದರು, ನಾಣ್ಯ ನೋಡಿದರು. ಕೊನೆಗೆ ಕಾವಲಿನವನೇ ಒಂದು ಹೆಜ್ಜೆ ಸರಿದು, "ಕಟ್ಟಲು ಹೇಳಿ, ಬೇಗ" ಎಂದ.

ರುಬೀನಾ ಹೊಸ್ತಿಲಿನ ಒಳಗೆ ಚೌಕಟ್ಟಿಗೆ ಮೈ ಒತ್ತಿ ನಿಂತು ಬಲಗೈಯನ್ನು ಹೊರಗೆ ಚಾಚಿದಳು. ಖಾಜಾಬಿ ಹೊರಗೆ ನಿಂತು ತೋಳಿಗೆ ಪಟ್ಟಿ ಸುತ್ತಿದರು. ಗಂಟು ಮತ್ತೆ ಮತ್ತೆ ಜಾರುತ್ತಿತ್ತು. ಸಾಲಿನಲ್ಲಿದ್ದವರು ಒಬ್ಬರೂ ಗೊಣಗಲಿಲ್ಲ. "ಸಾವಕಾಶ ಕಟ್ರಿ ಅಮ್ಮಾ, ಗಡಬಡಿ ಇಲ್ಲ" ಎಂದು ಹಿಂದಿನಿಂದ ಯಾರೋ ಅಂದರು. ಗಂಟು ಬಿತ್ತು. ಖಾಜಾಬಿ ಆ ಕೈಯನ್ನು ಒಮ್ಮೆ ಕಣ್ಣಿಗೆ ಒತ್ತಿಕೊಂಡರು. "ಜಾ ಬೇಟಾ, ಖುದಾ ಹಾಫಿಜ್" ಎಂದು ತಾವೇ ಕೈಯನ್ನು ಮೆಲ್ಲಗೆ ಒಳಗೆ ನೂಕಿದರು.

ಸಾಹೇಬರು ಅವತ್ತು ಸಹಿ ಹಾಕಲಿಲ್ಲ. ಮಧ್ಯಾಹ್ನ ನನ್ನ ಮೇಜಿನ ಹತ್ತಿರ ಬಂದು ನಕ್ಷೆ ತೆರೆದು, ಪಡಸಾಲೆಯ ಜಾಗಕ್ಕೆ ಪೆನ್ಸಿಲಿನಿಂದ ಒಂದು ಸುತ್ತು ಹಾಕಿದರು. "ಕೌಂಟರ್ ಖಾಲಿ ಇತ್ತು, ಬಾಗಿಲು ತುಂಬಿತ್ತು. ನಾವು ತಪ್ಪು ಕಡೆ ದೊಡ್ಡದು ಮಾಡುತ್ತಿದ್ದೇವೆ. ಆ ತಾಯಿ ಎಲ್ಲಿ ನಿಲ್ಲಬೇಕು, ನೀವೇ ಬರೆಯಿರಿ" ಎಂದರು. ಜಗಳ ಗೆದ್ದ ಖುಷಿಯಲ್ಲಿ ನಾನು ಏನಾದರೂ ಚುಚ್ಚಿ ಮಾತಾಡುವವಳೇ. ಅವರ ಮುಖ ನೋಡಿ ಪೆನ್ಸಿಲ್ ಎತ್ತಿಕೊಂಡೆ.

ಬರೆದೆ. ಪಡಸಾಲೆ ಉಳಿಯಿತು, ಮಾತ್ರವಲ್ಲ, ಬಾಗಿಲಿನಿಂದ ಒಂದಿಷ್ಟು ದೂರಕ್ಕೆ ಸರಿದು ದೊಡ್ಡದೂ ಆಯಿತು. ಪ್ರಯಾಣಿಕರು ಬೋರ್ಡಿಂಗ್ ಪಾಸನ್ನು ತಾವೇ ತೆಗೆದುಕೊಳ್ಳುವ ಯಂತ್ರಗಳನ್ನು ಹಾಕಿದ್ದರಿಂದ ಕೌಂಟರುಗಳ ಸಂಖ್ಯೆ ಹೆಚ್ಚಿಸುವ ಪ್ರಮೇಯ ಬರಲಿಲ್ಲ. ಕಳಿಸಲು ಬಂದವರಿಗೆ ಕುರ್ಚಿ ಬೇಡ, ಕಟ್ಟೆ ಬೇಕು ಎಂದು ಹಟ ಹಿಡಿದೆ. ಕುರ್ಚಿ ಒಬ್ಬೊಬ್ಬರನ್ನು ಬೇರೆ ಕೂರಿಸುತ್ತದೆ. ಉದ್ದಕ್ಕೆ ಶಹಾಬಾದ ಕಲ್ಲು ಹಾಸಿದ ಕಟ್ಟೆ, ಬೇಸಿಗೆಯಲ್ಲೂ ತಂಪು. ಮೇಲೆ ಮಾಡು, ಪಕ್ಕದಲ್ಲಿ ನೀರು. ಕಟ್ಟೆಯ ಮೇಲೆ ಕೂತರೆ ಗಾಜಿನಾಚೆ ಹೋಗುವವರು ತಪಾಸಣೆಯವರೆಗೂ ಕಾಣಬೇಕು, ಆ ದಾರಿಯಲ್ಲಿ ಜಾಹೀರಾತಿನ ಫಲಕ ನಿಲ್ಲಿಸಬಾರದು ಎಂದು ನಕ್ಷೆಯಲ್ಲೇ ಬರೆಸಿದೆ. ಬಾಗಿಲ ಮುಂದಿನ ಗದ್ದಲ ಕಟ್ಟೆಗೆ ಹೋಯಿತು. ಬಾಗಿಲು ಬರಿದಾಯಿತು, ಸಾಲು ಓಡಿತು, ವಿಮಾನಗಳು ಹೆಚ್ಚಾದವು. ಸಾಮರ್ಥ್ಯ ಹೆಚ್ಚಿಸುವುದು ಎಂಬ ದೊಡ್ಡ ಮಾತಿಗೆ ನಾನು ಕೊಡಬಲ್ಲ ಉದಾಹರಣೆ ಇದೇ. ಬಸ್ಸಿನ ವೇಳೆಯನ್ನೂ ರಫೀಕ್ ಸರಿಮಾಡಿದ. ರೈಲು ತಡವಾದರೆ ವಾಡಿಯಲ್ಲಿ ಇನ್ನೊಂದು ಬಸ್ಸು ಕಾಯುತ್ತದೆ, ಮೊದಲಿನದು ಹೊರಡುತ್ತದೆ.

ನಿವೃತ್ತಿಯಾದ ಮೇಲೆ ನಾನು ಶಹಾಬಾದಿನಲ್ಲಿ ಮನೆ ಮಾಡಿದೆ. ಮದುವೆ ಆಗಲಿಲ್ಲ, ಊರೂರು ತಿರುಗುವ ನೌಕರಿಯಲ್ಲಿ ಅದಕ್ಕೆ ಪುರಸೊತ್ತು ಸಿಗಲಿಲ್ಲ, ಸಿಕ್ಕಾಗ ಮನಸ್ಸಿರಲಿಲ್ಲ. ಈಚೆಗೆ ಮಂಡಿಯ ಶಸ್ತ್ರಚಿಕಿತ್ಸೆಗೆಂದು ಬೆಂಗಳೂರಿಗೆ ಹೊರಟೆ. ಅಲ್ಲಿ ಗೆಳತಿಯೊಬ್ಬಳು ನೋಡಿಕೊಳ್ಳುತ್ತಾಳೆ. ಬಸ್ಸು ಇಳಿದು, ಕೋಲು ಊರಿಕೊಂಡು, ನಾನೇ ಬರೆದ ಕಟ್ಟೆಯ ಮೇಲೆ ಮೊದಲ ಸಲ ಕೂತೆ. ಕಲ್ಲು ತಂಪಾಗಿತ್ತು. ಪಕ್ಕದಲ್ಲಿ ನಾಲವಾರದ ಒಂದು ದೊಡ್ಡ ಕುಟುಂಬ, ಹೆರಿಗೆ ಮುಗಿಸಿಕೊಂಡು ಗಂಡನ ಮನೆಗೆ ಹೊರಟ ಮಗಳನ್ನೂ ಕೂಸನ್ನೂ ಕಳಿಸಲು ಬಂದವರು. ಅವರ ಅಜ್ಜಿ ನನ್ನ ಕೋಲು ನೋಡಿದರು, ನನ್ನ ಚೀಲ ನೋಡಿದರು, ನನ್ನ ಹಿಂದೆ ಮುಂದೆ ನೋಡಿದರು.

"ಯಾರೂ ಬಂದಿಲ್ಲೇನವ್ವಾ ಕಳಿಸಾಕ?"

"ಇಲ್ರೀ ಅವ್ವಾ, ಒಬ್ಬಾಕೀನ."

ಅಜ್ಜಿಗೆ ಅದು ಒಪ್ಪಿಗೆಯಾಗಲಿಲ್ಲ. "ಒಬ್ಬಾಕಿ ಅಂದ್ರ ಹ್ಯಾಂಗ? ನಾವ್ ಬಂದೀವಲ್ಲ. ಏ, ಎಲ್ಲಾರೂ ಏಳ್ರಿ. ಅಕ್ಕಾರನ್ನ ಕಳಿಸೂಣು" ಎಂದು ಎದ್ದು ನಿಂತರು. ಇಡೀ ಕುಟುಂಬ ಎದ್ದಿತು. ಯಾರೋ ಚೀಲ ಹಿಡಿದರು. ಅಜ್ಜಿ ನನ್ನ ತಲೆಯ ಮೇಲೆ ಕೈಯಿಟ್ಟು, "ಆರಾಮಾಗಿ ಹೋಗಿ ಬರ್ರಿ" ಎಂದರು. ಬಾಗಿಲು ದಾಟಿದ ಮೇಲೆ, ತಪಾಸಣೆಗೆ ಹೋಗುವ ತಿರುವಿನಲ್ಲಿ ಹಿಂದಿರುಗಿ ನೋಡಿದೆ. ದಾರಿಯಲ್ಲಿ ಫಲಕ ಇರಲಿಲ್ಲ. ಕಟ್ಟೆಯ ಮೇಲೆ ಅಜ್ಜಿ ಇನ್ನೂ ನಿಂತಿದ್ದರು.

ವಿಮಾನ ಮೇಲೆದ್ದಾಗ ಕಿಟಕಿಯಿಂದ ಕಟ್ಟಡ ಕಂಡಿತು, ಜನ ಕಾಣಲಿಲ್ಲ. ನಮ್ಮ ನಿಲ್ದಾಣದಿಂದ ಆ ಹೊತ್ತಿಗೆ ಹಾರುವುದು ಒಂದೇ ವಿಮಾನ. ಯಾವುದಕ್ಕೆ ಕೈ ಬೀಸಬೇಕೆಂದು ಆ ಅಜ್ಜಿಗೆ ಗೊತ್ತಿರುತ್ತದೆ. ನಾನೂ ಕಿಟಕಿಯ ಗಾಜಿನ ಒಳಗಿನಿಂದ ಕೈ ಬೀಸಿದೆ. ಪಕ್ಕದ ಸೀಟಿನ ಹುಡುಗ ವಿಚಿತ್ರವಾಗಿ ನೋಡಿದ. ಈ ಸಲ ನನಗೆ ನಾಚಿಕೆಯಾಗಲಿಲ್ಲ.